ಹಳೆಯ ಝೆನ್ ಕಾರಿನ ಗೇರ್ ಎಣ್ಣೆ ಎಲ್ಲಿಂದ ಸೋರುತ್ತಿದೆ? ಎರಡು ಸಲ ಸೀಲ್ ಬದಲಿಸಿದರೂ ನಿಂತಿಲ್ಲ

ನವನಗರ ಝೆನ್ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 1999ರ ಮಾರುತಿ ಝೆನ್. ತಂದೆಯವರು ಶಾಲಾ ಮಾಸ್ತರರಾಗಿದ್ದಾಗ ಕೊಂಡದ್ದು. ಹಿನ್ನೀರಿನ ಕಾರಣದಿಂದ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದಾಗ ದೇವರ ಜಗಲಿಯ ಸಾಮಾನು, ತಾಯಿಯವರ ಹೊಲಿಗೆ ಯಂತ್ರ ಎಲ್ಲವೂ ಇದರಲ್ಲಿಯೇ ಬಂದವು. ಆದ್ದರಿಂದ ಇದನ್ನು ಗುಜರಿಗೆ ಹಾಕಿರೆಂಬ ಸಲಹೆಯೊಂದನ್ನು ಬಿಟ್ಟು ಬೇರೆ ಏನನ್ನು ಹೇಳಿದರೂ ಕೃತಜ್ಞನಾಗಿರುತ್ತೇನೆ.

ಮೂರು ತಿಂಗಳಿಂದ ಕಾರು ನಿಲ್ಲಿಸುವ ಫರಸಿಯ ಮೇಲೆ ಬೆಳಗಾಗುವಷ್ಟರಲ್ಲಿ ಅಂಗೈಯಗಲದ ಎಣ್ಣೆಯ ಕಲೆ ಕಾಣುತ್ತಿದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಕೆಳತುದಿಯಿಂದ ಹನಿ ಬೀಳುತ್ತದೆ. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಚಕ್ರಕ್ಕೆ ಹೋಗುವ ಬಲಗಡೆಯ ಡ್ರೈವ್ ಶಾಫ್ಟಿನ ಸೀಲ್, ಅಂದರೆ ಎಣ್ಣೆ ತಡೆಯುವ ರಬ್ಬರ್ ಬಳೆ, ಬದಲಿಸಿದರು; ಇಪ್ಪತ್ತು ದಿನ ಸುಮ್ಮನಿದ್ದು ಮತ್ತೆ ಸುರುವಾಯಿತು. ಎರಡನೆಯವರು ಎರಡೂ ಬದಿಯ ಸೀಲ್ ಹಾಕಿದರು. ಅದೂ ಒಂದು ತಿಂಗಳು ಬಾಳಲಿಲ್ಲ. ಈಗ ಮೂರನೆಯವರು, ಎಂಜಿನ್ನಿನ ತಿರುಗುವಿಕೆಯನ್ನು ಗೇರುಗಳಿಗೆ ತರುವ ಒಳಗಿನ ಇನ್‌ಪುಟ್ ಶಾಫ್ಟ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ಹಾಕಿಬಿಡೋಣ, ಒಟ್ಟು 14,000 ರೂಪಾಯಿ ಆಗುತ್ತದೆ ಎನ್ನುತ್ತಿದ್ದಾರೆ. ಅಷ್ಟು ಹಣ ಹಾಕುವ ಮೊದಲು ಸೋರಿಕೆ ನಿಜವಾಗಿ ಎಲ್ಲಿಂದ ಎಂಬುದನ್ನು ಕಂಡುಕೊಳ್ಳುವ ದಾರಿ ಇದೆಯೇ?

ಉದ್ಯಮಬಾಗ ಲೇಥ್ (ಬೆಳಗಾವಿ)

ದಾರಿ ಇದೆ, ಅದಕ್ಕೆ ಖರ್ಚೂ ಹೆಚ್ಚಿಲ್ಲ. ಆದರೆ ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕು. ಬೀಳುತ್ತಿರುವುದು ಗೇರ್ ಎಣ್ಣೆಯೇ ಎಂದು ತಾವು ನೋಡಿದ್ದೀರಾ, ಇಲ್ಲವೇ ಯಾರೋ ಹೇಳಿದ್ದೇ? ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಎರಡು ಬೇರೆ ಬೇರೆ ಎಣ್ಣೆಗಳು ಒಂದೇ ತುದಿಗೆ ಬಂದು ತೊಟ್ಟಿಕ್ಕುತ್ತವೆ. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲ್ ಹೋಗಿದ್ದರೆ ಅದು ಎಂಜಿನ್ ಎಣ್ಣೆ. ಇನ್‌ಪುಟ್ ಶಾಫ್ಟಿನ ಸೀಲ್ ಹೋಗಿದ್ದರೆ ಗೇರ್ ಎಣ್ಣೆ. ಒಂದು ಬಿಳಿ ಕಾಗದದ ಮೇಲೆ ನೆಲದ ಹನಿಯನ್ನೂ ಎಂಜಿನ್ ಎಣ್ಣೆಯ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ಹನಿಯನ್ನೂ ಅಕ್ಕಪಕ್ಕ ಬಿಡಿರಿ. ಓಡಿದ ಎಂಜಿನ್ ಎಣ್ಣೆ ಕಪ್ಪಾಗಿ ಬೇಗ ಹರಡುತ್ತದೆ. ಗೇರ್ ಎಣ್ಣೆ ಜೋನಿಬೆಲ್ಲದ ಬಣ್ಣದಲ್ಲಿ ದಪ್ಪಗೆ ನಿಲ್ಲುತ್ತದೆ. ಅದನ್ನು ಬೆರಳಲ್ಲಿ ತಿಕ್ಕಿ ಮೂಸಿದರೆ ಗಂಧಕದ ಘಾಟು ಬರುತ್ತದೆ, ಏಕೆಂದರೆ ಹಲ್ಲುಗಳ ಮೇಲಿನ ಒತ್ತಡ ತಡೆಯಲು ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಒಮ್ಮೆ ಆ ವಾಸನೆ ಹಿಡಿದವರು ಮತ್ತೆ ಮರೆಯುವುದಿಲ್ಲ.

ಇನ್ನೊಂದು ಪ್ರಶ್ನೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮೊದಲ ಸಲ ಕಲೆ ಕಾಣುವುದಕ್ಕೆ ಮುಂಚಿನ ಒಂದೆರಡು ತಿಂಗಳಲ್ಲಿ ಈ ಕಾರಿಗೆ ಏನೇನು ಕೆಲಸ ಮಾಡಿಸಿದಿರಿ? ಗೇರ್‌ಬಾಕ್ಸಿಗೆ ಸಂಬಂಧವಿಲ್ಲವೆಂದು ತೋರುವ ಕೆಲಸವನ್ನೂ ಬಿಡದೆ ಬರೆಯಿರಿ.

ಗುಮ್ಮಟನಗರಿ (ವಿಜಯಪುರ)

ಆಟೋಮ್ಯಾಟಿಕ್ ಕಾರು ಇರುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ನನ್ನ ಅನುಭವ ಬರೆಯುತ್ತೇನೆ. ನಮ್ಮದು ಹಳೆಯ ಆಟೋಮ್ಯಾಟಿಕ್ ಸೆಡಾನ್. ಕೆಳಗೆ ಕೆಂಪು ಹನಿ ಕಂಡ ಕೂಡಲೇ ಗೇರ್‌ಬಾಕ್ಸೇ ಹೋಯಿತೆಂದು ಮನೆಯವರೆಲ್ಲ ಕಂಗಾಲಾಗಿದ್ದೆವು. ಕೊನೆಗೆ ಅದು ಪವರ್ ಸ್ಟೀರಿಂಗ್ ಕೊಳವೆಯ ಕ್ಲಾಂಪ್ ಸಡಿಲವಾಗಿ ಬಿದ್ದ ಎಣ್ಣೆ. ಅನೇಕ ಕಾರುಗಳಲ್ಲಿ ಸ್ಟೀರಿಂಗಿಗೂ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಒಂದೇ ಬಗೆಯ ಕೆಂಪು ಎಣ್ಣೆ ಹಾಕುತ್ತಾರೆ, ಕೆಲವು ಕಂಪನಿಗಳ ಕೂಲಂಟ್ ಕೂಡ ಕೆಂಪಾಗಿಯೇ ಇರುತ್ತದೆ. ಹೀಗಾಗಿ ಬಣ್ಣವೊಂದನ್ನೇ ನಂಬಬಾರದು. ಕೂಲಂಟ್ ಬೆರಳಿಗೆ ನೀರಿನಂತೆ ಹತ್ತುತ್ತದೆ, ಎಣ್ಣೆ ಜಾರುತ್ತದೆ. ಬ್ರೇಕ್ ಎಣ್ಣೆಯ ಹನಿಯನ್ನು ನೀರಿಗೆ ಬಿಟ್ಟರೆ ಕರಗಿಹೋಗುತ್ತದೆ, ಉಳಿದ ಎಣ್ಣೆಗಳು ತೇಲುತ್ತವೆ.

ಆಟೋಮ್ಯಾಟಿಕ್ ಕಾರಿನಲ್ಲಿ ಎಣ್ಣೆ ತಂಪಾಗಿಸುವ ಕೊಳವೆಗಳು ಸಾಮಾನ್ಯವಾಗಿ ರೇಡಿಯೇಟರಿನ ತೊಟ್ಟಿಯೊಳಗೆ ಹಾದುಹೋಗುತ್ತವೆ. ಅಲ್ಲಿ ಒಳಗೊಳಗೇ ತೂತಾದರೆ ನೆಲಕ್ಕೆ ಒಂದು ಹನಿಯೂ ಬೀಳದೆ ಎಣ್ಣೆ ಮತ್ತು ಕೂಲಂಟ್ ಬೆರೆತು ಗುಲಾಬಿ ಮಜ್ಜಿಗೆಯಂತಾಗುತ್ತದೆ. ಅದನ್ನು ಕಂಡರೆ ಕಾರನ್ನು ಒಂದು ಹೆಜ್ಜೆಯೂ ಓಡಿಸಬಾರದು. ಮಟ್ಟ ನೋಡುವ ಕ್ರಮವೂ ಕಂಪನಿಗೊಂದು ಬಗೆ: ಬಹಳಷ್ಟರಲ್ಲಿ ಎಂಜಿನ್ ಬಿಸಿಯಾಗಿ ಚಾಲೂ ಇರುವಾಗಲೇ ನೋಡಬೇಕು, ಹೋಂಡಾದ ಹಲವು ಮಾದರಿಗಳಲ್ಲಿ ಬಿಸಿಯಾದ ಎಂಜಿನ್ನನ್ನು ಆರಿಸಿದ ತಕ್ಷಣ ನೋಡಬೇಕು. ಕೈಪಿಡಿ ತೆಗೆದು ಓದುವುದೇ ಸರಿ.

ನವನಗರ ಝೆನ್ (ಬಾಗಲಕೋಟೆ)

ಉದ್ಯಮಬಾಗದ ಹಿರಿಯರೇ, ತಾವು ಹೇಳಿದಂತೆ ಕಾಗದದ ಮೇಲೆ ನೋಡಿದೆ. ಎರಡು ಹನಿಗಳ ನಡುವೆ ಯಾವ ಸಂಶಯವೂ ಉಳಿಯುವುದಿಲ್ಲ. ಡಿಪ್‌ಸ್ಟಿಕ್ಕಿನದು ಕಾಡಿಗೆಯಂತೆ ಹರಡಿತು, ನೆಲದ್ದು ಕಂದು ಮಣಿಯ ಹಾಗೆ ನಿಂತುಕೊಂಡಿತು, ಘಾಟು ಕೈ ತೊಳೆದರೂ ಹೋಗಲಿಲ್ಲ. ಗೇರ್ ಎಣ್ಣೆಯೇ.

ಮುಂಚಿನ ಕೆಲಸಗಳ ಬಗ್ಗೆ: ನೋಂದಣಿ ನವೀಕರಣದ ಅವಧಿ ಬಂದಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ಅದು ಆಗಲೇಬೇಕಲ್ಲ. ತಪಾಸಣೆಗೆ ಒಯ್ಯುವ ಮೊದಲು ಟೈರ್ ಬದಲಿಸಿದೆ, ಹೆಡ್‌ಲೈಟ್ ಸರಿಪಡಿಸಿದೆ, ಸೈಲೆನ್ಸರ್ ಬೆಸುಗೆ ಹಾಕಿಸಿದೆ. ಬಾನೆಟ್ಟಿನ ಒಳಭಾಗವನ್ನು ಒತ್ತಡದ ನೀರಿನಿಂದ ತೊಳೆಸಿ, ಹೊಸದರಂತೆ ಕಾಣಲೆಂದು ಹೊಳಪಿನ ಲೇಪ ಹೊಡೆಸಿದೆ. ಗೇರ್‌ಬಾಕ್ಸಿಗೆ ಯಾರೂ ಕೈ ಹಚ್ಚಿಲ್ಲ.

ಮುಧೋಳ ಮಿಸ್ತ್ರಿ (ಬಾಗಲಕೋಟೆ ಜಿಲ್ಲೆ)

ನಾನು ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಮ್ಮ ಕಡೆ ಎಣ್ಣೆ ಸೋರಿದ ಕಾರಿನ ಕೆಳಗೆ ನೋಡಿದರೆ ಏನೂ ಗೊತ್ತಾಗದಿರಲು ಕಾರಣ ನಮ್ಮ ಧೂಳು. ಎರೆಮಣ್ಣಿನ ಸಣ್ಣ ಧೂಳು ಎಣ್ಣೆಗೆ ಹತ್ತಿ ಒಂದು ಬೆರಳು ದಪ್ಪ ಗಟ್ಟಿಯಾಗಿರುತ್ತದೆ, ಅದರೊಳಗೆ ಎಣ್ಣೆ ಬತ್ತಿಯಂತೆ ಏರಿ ಇಳಿದು ಎಲ್ಲ ಕಡೆಯೂ ಒದ್ದೆಯಾಗಿ ಕಾಣುತ್ತದೆ. ಕಾರು ಓಡುವಾಗ ಗಾಳಿ ಹನಿಯನ್ನು ಹಿಂದಕ್ಕೆ ತಳ್ಳುತ್ತದೆ, ನಿಂತಾಗ ಅದು ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಹನಿ ಬೀಳುವ ಜಾಗ ನೋಡಿ ಸೀಲ್ ಬದಲಿಸಿದರೆ ಹತ್ತರಲ್ಲಿ ಐದು ಸಲ ತಪ್ಪುತ್ತೇವೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮತ್ತು ಮುಂದಿನದು ಯಾವುದೋ ಅದನ್ನು ಹುಡುಕಬೇಕು.

ಅದಕ್ಕೆ ಹೀಗೆ ಮಾಡಿರಿ. ಗೇರ್‌ಬಾಕ್ಸಿನ ಹೊರಮೈಯನ್ನು ಡೀಸೆಲ್ ಹಚ್ಚಿದ ಬ್ರಶ್ಶಿನಿಂದ ತಿಕ್ಕಿ, ಸಾಬೂನಿನ ನೀರಿನಿಂದ ತೊಳೆದು, ಚಿಂದಿಯಿಂದ ಒರೆಸಿ ಒಂದು ಹಗಲು ಒಣಗಲು ಬಿಡಿರಿ. ಅನಂತರ ಮುಖಕ್ಕೆ ಹಚ್ಚುವ ಸಾದಾ ಪೌಡರನ್ನು ತೆಳ್ಳಗೆ ಎಲ್ಲ ಕಡೆ ಉದುರಿಸಿರಿ: ಎರಡೂ ಡ್ರೈವ್ ಶಾಫ್ಟುಗಳ ಬುಡ, ಗೇರ್ ಬದಲಿಸುವ ಶಾಫ್ಟ್ ಹೊರಬರುವ ಜಾಗ, ಸ್ಪೀಡೋಮೀಟರ್ ಕೇಬಲ್ಲಿನ ಬುಡ, ರಿವರ್ಸ್ ಲೈಟ್ ಸ್ವಿಚ್, ಎಣ್ಣೆ ಹಾಕುವ ಮತ್ತು ಬಿಡುವ ಪ್ಲಗ್ಗುಗಳು, ಎರಡು ಭಾಗ ಕೂಡುವ ಜೋಡಣೆಯ ಗೆರೆ. ಕ್ಲಚ್ ಕೂರುವ ಕವಚವಾದ ಬೆಲ್ ಹೌಸಿಂಗಿನ ತಳದಲ್ಲಿ ಫ್ಲೈವೀಲ್ ಮುಚ್ಚುವ ತಗಡೊಂದು ಇರುತ್ತದೆ, ಅದನ್ನು ಬಿಚ್ಚಿ ಒಳಗೆ ಕೈಬ್ಯಾಟರಿಯ ಬೆಳಕು ಹಿಡಿದು ನೋಡಿರಿ. ಇನ್‌ಪುಟ್ ಶಾಫ್ಟ್ ಸೀಲ್ ಹೋಗಿದ್ದರೆ ಆ ಒಳಗಡೆ ಎಣ್ಣೆ ಮತ್ತು ಕ್ಲಚ್ಚಿನ ಪುಡಿ ಬೆರೆತು ಕರಿ ಕೆಸರಾಗಿರಲೇಬೇಕು. ಒಳಗೆ ಒಣಗಿದ್ದರೆ ಗೇರ್‌ಬಾಕ್ಸ್ ಇಳಿಸುವ ಮಾತೇ ಬೇಡ. ಡ್ರೈವ್ ಶಾಫ್ಟಿನ ಕೀಲು ಮುಚ್ಚುವ ಎರಡೂ ಬದಿಯ ರಬ್ಬರ್ ಬೂಟುಗಳನ್ನೂ ನೋಡಿರಿ. ಬೂಟ್ ಹರಿದರೆ ಒಳಗಿನ ಗ್ರೀಸ್ ಸುತ್ತಲೂ ಸಿಡಿದು ಸೋರಿಕೆಯಂತೆಯೇ ಕಾಣುತ್ತದೆ.

ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿರಿ. ಸ್ಟ್ಯಾಂಡ್ ಇಲ್ಲದಿದ್ದರೆ ಸರ್ವಿಸಿಂಗ್ ಮಾಡುವವರ ರ‍್ಯಾಂಪಿಗೆ ಒಯ್ಯಿರಿ. ಇಟ್ಟಿಗೆ, ಸೈಜುಗಲ್ಲು ಒಡೆದು ಹೋಗುತ್ತವೆ. ನನ್ನ ಕಣ್ಣೆದುರೇ ಒಬ್ಬ ಹುಡುಗ ಭುಜ ಮುರಿದುಕೊಂಡಿದ್ದಾನೆ.

ನವನಗರ ಝೆನ್ (ಬಾಗಲಕೋಟೆ)

ಮಿಸ್ತ್ರಿಯವರೇ, ತಮ್ಮ ಮಾತಿನಂತೆ ಪರಿಚಯದವರ ರ‍್ಯಾಂಪಿನ ಮೇಲೆ ಹತ್ತಿಸಿ ಎಲ್ಲವನ್ನೂ ಮಾಡಿದೆ. ಫ್ಲೈವೀಲ್ ತಗಡಿನ ಒಳಗಡೆ ಬೂದುಬಣ್ಣದ ಒಣ ಪುಡಿ ಬಿಟ್ಟರೆ ಏನೂ ಇಲ್ಲ, ಬೆರಳಿಗೆ ಜಿಡ್ಡು ಹತ್ತಲಿಲ್ಲ. ಬೂಟುಗಳೂ ಸರಿಯಾಗಿವೆ.

ಪೌಡರ್ ಹಾಕಿ ಮೊದಲ ಎರಡು ದಿನ ಊರೊಳಗೇ ಓಡಿಸಿದೆ; ವಿದ್ಯಾಗಿರಿಗೆ ಹೋಗಿ ಬರುವುದು, ಸಂತೆಗೆ ಹೋಗಿ ಬರುವುದು, ಅಷ್ಟೇ. ಎಲ್ಲವೂ ಬೆಳ್ಳಗೆ ಇದ್ದಂತೆಯೇ ಇತ್ತು. ಮೂರನೆಯ ದಿನ ಗದ್ದನಕೇರಿ ಕ್ರಾಸಿನಿಂದ ಹೆದ್ದಾರಿ ಹಿಡಿದು ಕೊಲ್ಹಾರದವರೆಗೆ ಹೋದೆ. ಮನೆಯಲ್ಲಿ ಮೊಸರಿನ ಗಡಿಗೆಯನ್ನೂ ತರಲು ಹೇಳಿದ್ದರು. ಮೊಸರಿನವರ ಹತ್ತಿರ ನಿಲ್ಲಿಸಿ ಬಗ್ಗಿ ನೋಡಿದರೆ ಎರಡು ಕಡೆ ಗೆರೆ ಮೂಡಿದೆ. ಗೇರ್ ಬದಲಿಸುವ ಶಾಫ್ಟಿನ ಸುತ್ತ ಪೌಡರ್ ಕಂದಾಗಿ, ಅಲ್ಲಿಂದ ಮೇಣದ ಕಣ್ಣೀರಿನಂತೆ ಒಂದು ಗೆರೆ ಕೆಳಗಿಳಿದು ಎಂಜಿನ್ ಕೂಡುವ ತುದಿಗೆ ಬಂದಿದೆ. ಬಲಗಡೆಯ ಡ್ರೈವ್ ಶಾಫ್ಟಿನ ಬುಡವೂ ಒದ್ದೆಯಾಗಿದೆ. ಊರೊಳಗೆ ಓಡಿಸಿದಾಗ ಒಂದೂ ಇರಲಿಲ್ಲ, ಹೆದ್ದಾರಿಯಲ್ಲಿ ಒಂದು ತಾಸು ಓಡಿಸಿದಾಗ ಎರಡೂ ಒಟ್ಟಿಗೆ ಬಂದವು. ಇದರ ಅರ್ಥವೇನು?

ಉದ್ಯಮಬಾಗ ಲೇಥ್ (ಬೆಳಗಾವಿ)

ಇದರ ಅರ್ಥ ನನಗೆ ತಮ್ಮ ಹಿಂದಿನ ಬರಹ ಓದಿದಾಗಲೇ ಅರ್ಧ ಹೊಳೆದಿತ್ತು. ಬೇರೆ ಬೇರೆ ಜಾಗದ, ಬೇರೆ ಬೇರೆ ವಯಸ್ಸಿನ ಎರಡು ಸೀಲುಗಳು, ಅದರಲ್ಲೊಂದು ತಿಂಗಳ ಹಿಂದೆ ಹಾಕಿದ್ದು, ಬಿಸಿಯಾದಾಗ ಮಾತ್ರ ಒಟ್ಟಿಗೆ ಸೋರುತ್ತವೆ ಎಂದರೆ ಒಳಗಿನಿಂದ ಯಾವುದೋ ಅವುಗಳನ್ನು ತಳ್ಳುತ್ತಿದೆ. ತಾವು ಬ್ರೀದರನ್ನು, ಅಂದರೆ ಉಸಿರುಗೊಳವೆಯನ್ನು, ನೋಡಬೇಕು.

ಗೇರ್‌ಬಾಕ್ಸಿನಲ್ಲಿ ಎಣ್ಣೆ ಪೂರ್ತಿ ತುಂಬಿರುವುದಿಲ್ಲ, ಮೇಲ್ಭಾಗದಲ್ಲಿ ಗಾಳಿ ಇರುತ್ತದೆ. ಓಡಿದಂತೆ ಎಣ್ಣೆ ಕಾಯುತ್ತದೆ, ಗಾಳಿಯೂ ಕಾದು ಹಿಗ್ಗುತ್ತದೆ. ಹಿಗ್ಗಿದ ಗಾಳಿ ಹೊರಗೆ ಹೋಗಲೆಂದು ಮೇಲ್ಗಡೆ ಬೆರಳ ತುದಿಯಷ್ಟು ಚಿಕ್ಕ ಟೊಪ್ಪಿಗೆಯ ಉಸಿರುಗೊಳವೆ ಇಟ್ಟಿರುತ್ತಾರೆ. ಅದು ಮುಚ್ಚಿಹೋದರೆ ಲೆಕ್ಕ ಸರಳವಾಗಿದೆ: ಮುಚ್ಚಿದ ಪಾತ್ರೆಯ ಗಾಳಿ 30 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ ಅದರ ಒತ್ತಡ ಸುಮಾರು ಐದರಲ್ಲೊಂದು ಪಾಲು ಹೆಚ್ಚುತ್ತದೆ. ಟೈರಿಗೆ 30 ಹಾಕಿಸುವ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 3. ಅಂಕಿ ಚಿಕ್ಕದಾಗಿ ತೋರಬಹುದು, ಆದರೆ ಡ್ರೈವ್ ಶಾಫ್ಟ್ ಸೀಲಿನ ತುಟಿ ಇರುವುದು ಸಿಡಿಯುವ ಎಣ್ಣೆಯನ್ನು ಒಳಗೆ ತಡೆಯಲಿಕ್ಕೆ. ಎಡೆಬಿಡದೆ ಹಿಂದಿನಿಂದ ತಳ್ಳುವ ಒತ್ತಡವನ್ನು ಹೊಸ ಸೀಲ್ ಕೆಲವು ದಿನ ತಡೆದೀತು, ಸವೆದ ಶಾಫ್ಟಿನ ಮೇಲೆ ಕುಳಿತ ಸೀಲ್ ತಡೆಯಲಾರದು. ಪ್ರತಿ ಸಲವೂ ಇಪ್ಪತ್ತು ಮೂವತ್ತು ದಿನ ಸುಮ್ಮನಿದ್ದು ಮತ್ತೆ ಸುರುವಾದದ್ದಕ್ಕೂ ಇದು ಹೊಂದುತ್ತದೆ. ನಿಲ್ಲಿಸಿದ ಮೇಲೆ ಗಾಳಿ ತಂಪಾಗಿ ಕುಗ್ಗುವಾಗ ಅದೇ ತುಟಿಯ ಮೂಲಕ ಧೂಳನ್ನೂ ನೀರನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ, ಆಗ ಹಾನಿ ಎರಡು ಪಟ್ಟು.

ಬಾನೆಟ್ಟಿನೊಳಗೆ ಹೊಡೆಸಿದ ಲೇಪದ ಬಗ್ಗೆ ಬರೆದಿದ್ದೀರಲ್ಲ, ನನ್ನ ಅನುಮಾನ ಅದರ ಮೇಲಿದೆ.

ತಿಳಕವಾಡಿ (ಬೆಳಗಾವಿ)

ಹಿರಿಯರ ಮಾತಿಗೆ ಗೌರವವಿದೆ, ಆದರೂ ಇಷ್ಟು ದೂರ ಹೋಗುವ ಅಗತ್ಯ ಕಾಣುವುದಿಲ್ಲ. ಇಷ್ಟು ಹಳೆಯ ಕಾರಿನಲ್ಲಿ ಗೇರ್ ಶಾಫ್ಟಿನ ರಬ್ಬರ್ ತಾನಾಗಿಯೇ ಕಲ್ಲಾಗಿರುತ್ತದೆ. ಬಿಸಿಯಾದಾಗ ಎಣ್ಣೆ ತೆಳ್ಳಗಾಗಿ ಸೋರುವುದೂ ಸಹಜ. ಸೋರಿಕೆ ನಿಲ್ಲಿಸುವ ದ್ರಾವಣದ ಒಂದು ಬಾಟಲಿ ಹಾಕಿ, ಇನ್ನಷ್ಟು ದಪ್ಪ ಎಣ್ಣೆ ತುಂಬಿದರೆ ಎರಡು ವರ್ಷ ಚಿಂತೆಯಿಲ್ಲದೆ ಓಡಿಸಬಹುದು. ನಾನು ಚೋರ್ಲಾ ಘಾಟಿನಲ್ಲಿ ಹೀಗೆಯೇ ಓಡಿಸಿದ್ದೇನೆ.

ಮುಧೋಳ ಮಿಸ್ತ್ರಿ (ಬಾಗಲಕೋಟೆ ಜಿಲ್ಲೆ)

ತಿಳಕವಾಡಿಯವರೇ, ರಬ್ಬರ್ ಕಲ್ಲಾಗಿರಬಹುದು ಎಂಬುದು ನಿಜ, ತೆಳ್ಳಗಾದ ಎಣ್ಣೆ ಸೋರುವುದೂ ನಿಜ. ಆದರೆ ಕಲ್ಲಾದ ರಬ್ಬರ್ ಇದ್ದರೆ ಊರೊಳಗೆ ಓಡಿಸಿದಾಗಲೂ ಸ್ವಲ್ಪವಾದರೂ ಜಿನುಗಬೇಕಿತ್ತು. ಆ ದ್ರಾವಣ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಈಗ ಒತ್ತಡವೇ ಕಾರಣವಾಗಿದ್ದರೆ ಮೆತ್ತಗಾದ ತುಟಿ ಇನ್ನಷ್ಟು ಬೇಗ ಮಗುಚಿಕೊಳ್ಳುತ್ತದೆ. ದಪ್ಪ ಎಣ್ಣೆ ತುಂಬಿದರೆ ಚಳಿಗಾಲದ ಬೆಳಗಿನ ಹೊತ್ತು ಗೇರ್ ಬೀಳುವುದೇ ಕಷ್ಟವಾಗಿ, ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೋ ರಿಂಗುಗಳು ಸವೆಯುತ್ತವೆ. ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಅಂಗಡಿಯಲ್ಲಿ ಗೇರ್ ಎಣ್ಣೆ ಎಂದು ಕೇಳಿದರೆ ಟ್ರ್ಯಾಕ್ಟರ್, ಲಾರಿಗಳ ಹಿಂದಿನ ಆಕ್ಸಲಿಗೆ ಹಾಕುವ ಜಿಎಲ್-5 ದರ್ಜೆಯ ಡಬ್ಬಿಯನ್ನು ಕೊಟ್ಟುಬಿಡುತ್ತಾರೆ. ಅದರಲ್ಲಿ ಗಂಧಕದ ಅಂಶ ಹೆಚ್ಚಿರುವುದರಿಂದ ಹಿತ್ತಾಳೆಯನ್ನು ತಿನ್ನುವ ಭಯವಿದೆ. ಕೈಪಿಡಿಯಲ್ಲಿ ಜಿಎಲ್-4 ಎಂದಿದ್ದರೆ ಜಿಎಲ್-4 ಅನ್ನೇ ಕೇಳಿ ತರಬೇಕು.

ನವನಗರ ಝೆನ್ (ಬಾಗಲಕೋಟೆ)

ಬ್ರೀದರ್ ಸಿಕ್ಕಿತು. ಉದ್ಯಮಬಾಗದವರ ಅನುಮಾನ ಸರಿಯಾಗಿತ್ತು.

ಈ ಸಲ ಒಂದು ತಾಸು ಓಡಿಸಿ ಬಂದು, ರ‍್ಯಾಂಪಿನ ಮೇಲೆ ನಿಲ್ಲಿಸಿ, ಸುಡದಷ್ಟು ಆರಲು ಬಿಟ್ಟು, ಗೇರ್ ಎಣ್ಣೆಯ ಮಟ್ಟ ನೋಡುವ ಪ್ಲಗ್ಗಿಗೆ ಪಾನಾ ಹಾಕಿ ಮೆಲ್ಲಗೆ ಅರ್ಧ ಸುತ್ತು ಬಿಚ್ಚಿದೆ. ಕುಕ್ಕರಿನ ಸೀಟಿ ಎತ್ತಿದಾಗ ಬರುವಂಥ ಉಸ್ಸೆಂಬ ಸಪ್ಪಳ ಬಂದು ಎಳೆಗಳ ಸುತ್ತ ಎಣ್ಣೆ ನೊರೆಗಟ್ಟಿತು. ಪಕ್ಕದಲ್ಲಿದ್ದ ಹುಡುಗ ಹೆದರಿ ಹಿಂದೆ ಸರಿದ. ಪ್ಲಗ್ ಪೂರ್ತಿ ತೆಗೆದ ಮೇಲೆ ಕಿರುಬೆರಳು ಹಾಕಿದರೆ ಎಣ್ಣೆ ಬೆರಳಿಗೆ ತಾಗಲಿಲ್ಲ, ಅಂದರೆ ಮಟ್ಟ ಚೆನ್ನಾಗಿಯೇ ಇಳಿದಿತ್ತು.

ಬ್ರೀದರಿನ ಟೊಪ್ಪಿಗೆ ಮೇಲ್ಗಡೆ ಕೈಯಿಂದ ತಡವಿದರೆ ಮಾತ್ರ ಸಿಗುವ ಜಾಗದಲ್ಲಿದೆ. ಅದು ಸ್ವಲ್ಪ ಅಲುಗಾಡಬೇಕಂತೆ. ನನ್ನದು ಅಲುಗಲೇ ಇಲ್ಲ. ಚಿಮಣಿ ಎಣ್ಣೆಯಲ್ಲಿ (ಸೀಮೆಎಣ್ಣೆ) ನೆನೆಸಿದ ಚಿಂದಿಯನ್ನು ರಾತ್ರಿಯಿಡೀ ಸುತ್ತಿಟ್ಟು, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದಾಗ ಟೊಪ್ಪಿಗೆಯ ಅಂಚಿನಿಂದ ಗಾಜಿನ ಚೂರಿನಂತೆ ಹೊಳೆಯುವ ಲೇಪದ ಪೊರೆ ಎದ್ದು ಬಂತು, ಅದರ ಕೆಳಗೆ ಎಣ್ಣೆ ಕುಡಿದ ಕರಿಮಣ್ಣಿನ ಬಿಲ್ಲೆ ಇತ್ತು. ಮಣ್ಣು ವರ್ಷಗಳಿಂದ ಅಲ್ಲಿ ಕೂತಿದ್ದಿರಬೇಕು, ಲೇಪ ಬಂದು ಉಳಿದ ಸಂದನ್ನು ಮುಚ್ಚಿದೆ. ಲೇಪ ಹೊಡೆದವರು ಬ್ಯಾಟರಿಯನ್ನೂ ವೈರುಗಳನ್ನೂ ಪ್ಲಾಸ್ಟಿಕ್ಕಿನಿಂದ ಮುಚ್ಚಿದ್ದರು, ಇದೊಂದನ್ನು ಮುಚ್ಚಬೇಕೆಂಬುದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.

ಈಗ ಎಣ್ಣೆ ತುಂಬಿ ಮತ್ತೆ ಕೊಲ್ಹಾರಕ್ಕೆ ಹೋಗಿ ಬಂದಿದ್ದೇನೆ. ಗೇರ್ ಶಾಫ್ಟಿನ ಸುತ್ತ ಪೌಡರ್ ಒಣಗಿಯೇ ಇದೆ. ಬಲಗಡೆಯ ಡ್ರೈವ್ ಶಾಫ್ಟಿನಲ್ಲಿ ಮಾತ್ರ ಉಗುರಿನಷ್ಟು ಒದ್ದೆ ಉಳಿದಿದೆ.

ಉದ್ಯಮಬಾಗ ಲೇಥ್ (ಬೆಳಗಾವಿ)

ಬಹಳ ಸಂತೋಷವಾಯಿತು. ಉಳಿದ ಒದ್ದೆಗೂ ಕಾರಣ ಹುಡುಕಬಹುದು. ಬಲಗಡೆಯ ಶಾಫ್ಟ್ ಹೊರಗೆ ತೆಗೆದಾಗ, ಸೀಲಿನ ತುಟಿ ಕೂರುವ ನುಣುಪು ಪಟ್ಟಿಯ ಮೇಲೆ ಉಗುರನ್ನು ಉದ್ದಕ್ಕೆ ಎಳೆದು ನೋಡಿರಿ. ಉಗುರು ಸಿಕ್ಕಿಕೊಳ್ಳುವಂಥ ಗೀರು ಇದ್ದರೆ ಹೊಸ ಸೀಲಿನ ತುಟಿ ಅದೇ ಗೀರಿನಲ್ಲಿ ಕೂತು ಮತ್ತೆ ಸೋರುತ್ತದೆ. ಮನೆಯಲ್ಲಿ ಜಾಗ ಇದ್ದರೆ, ಸೀಲ್ ಕೂರುವ ಮನೆ ಎಂದು ಹೇಳುತ್ತಿದ್ದೇನೆ, ಸೀಲನ್ನು ಒಂದು ಒಂದೂವರೆ ಮಿಲಿಮೀಟರ್ ಒಳಕ್ಕೆ ಕೂರಿಸಿದರೆ ತುಟಿ ಸವೆಯದ ಪಟ್ಟಿಯ ಮೇಲೆ ಬೀಳುತ್ತದೆ. ಜಾಗವಿಲ್ಲದಿದ್ದರೆ ಶಾಫ್ಟಿನ ಮೇಲೆ ತೆಳುವಾದ ಉಕ್ಕಿನ ತೋಳು ಕೂರಿಸುವುದು ನಮ್ಮ ಉದ್ಯಮಬಾಗದ ಲೇಥ್‌ಗಳಲ್ಲಿ ದಿನನಿತ್ಯದ ಕೆಲಸ.

ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿಯೂ ನೋಡಿರಿ. ಕೈಗೆ ತಿಳಿಯುವಷ್ಟು ಆಟ ಇದ್ದರೆ ಒಳಗಿನ ಬೇರಿಂಗ್ ಸವೆದಿದೆ ಎಂದರ್ಥ, ಆಗ ಯಾವ ಸೀಲೂ ನಿಲ್ಲದು. ಹಾಕುವಾಗ ಸುರುಳಿ ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ ಇರಲಿ, ತುಟಿಗೆ ಗೇರ್ ಎಣ್ಣೆ ಸವರಿರಿ, ಶಾಫ್ಟಿನ ಹಲ್ಲುಗಳು ತುಟಿಗೆ ತಾಗದಂತೆ ನೇರವಾಗಿ ತಳ್ಳಿರಿ. ಒಣ ತುಟಿಯ ಮೇಲೆ ಶಾಫ್ಟ್ ತಿರುಗಿದರೆ ಮೊದಲ ಮೈಲಿಯಲ್ಲೇ ಅದು ಸುಟ್ಟಂತಾಗುತ್ತದೆ.

ಗುಮ್ಮಟನಗರಿ (ವಿಜಯಪುರ)

ಒಂದು ಸಣ್ಣ ಪ್ರಶ್ನೆ. ಹಳೆಯ ಮಾದರಿಗಳ ಸೀಲುಗಳು ನಮ್ಮಲ್ಲಿ ಅಂಗಡಿಯವರ ಪಟ್ಟಿಯಲ್ಲಿ ಸಿಗುವುದಿಲ್ಲ. ಆಗ ಏನು ಮಾಡಬೇಕು?

ಉದ್ಯಮಬಾಗ ಲೇಥ್ (ಬೆಳಗಾವಿ)

ಹಳೆಯ ಸೀಲಿನ ಮೇಲೆಯೇ ಮೂರು ಅಂಕಿಗಳು ಅಚ್ಚಾಗಿರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲವೂ ಮಿಲಿಮೀಟರಿನಲ್ಲಿ. ಕಾರಿನ ಹೆಸರು ಹೇಳದೆ ಆ ಮೂರು ಅಂಕಿ ಹೇಳಿ ಬೇರಿಂಗ್ ಅಂಗಡಿಯಲ್ಲಿ ಕೇಳಿರಿ. ತುಟಿಯ ಹೊರಮೈಯಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತು ಇದ್ದರೆ ಎಡಗಡೆಯದನ್ನು ಬಲಗಡೆಗೆ ಹಾಕಬಾರದು.

ನವನಗರ ಝೆನ್ (ಬಾಗಲಕೋಟೆ)

ಮಿಸ್ತ್ರಿಯವರು ಭಾನುವಾರ ತಾವಾಗಿಯೇ ಮುಧೋಳದಿಂದ ನವನಗರಕ್ಕೆ ಬಂದು ಬಲಗಡೆಯ ಶಾಫ್ಟ್ ಇಳಿಸಿಕೊಟ್ಟರು. ಉಗುರು ಸಿಕ್ಕಿಕೊಳ್ಳುವಂಥ ಗೀರು ಇತ್ತು. ಆಟ ಇರಲಿಲ್ಲ. ಮನೆಯಲ್ಲಿ ಜಾಗವಿದ್ದುದರಿಂದ ಹೊಸ ಸೀಲನ್ನು ಒಂದು ಮಿಲಿಮೀಟರ್ ಒಳಕ್ಕೆ ಕೂರಿಸಿದರು. ಎಣ್ಣೆ ಬಿಡುವ ಮೊದಲು ಹಾಕುವ ಪ್ಲಗ್ ಬಿಚ್ಚುತ್ತದೆಯೇ ಎಂದು ನೋಡಿಕೊಂಡರು; ಹಳೆಯ ಕಾರಿನಲ್ಲಿ ಅದು ಜಾಮ್ ಆಗಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ ಎಂದರು. ಬಿಡುವ ಪ್ಲಗ್ಗಿನ ವಾಷರನ್ನೂ ಬದಲಿಸಿ, ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮಟ್ಟದ ತೂತಿನಿಂದ ಎಣ್ಣೆ ಹೊರಗೆ ಹರಿಯುವವರೆಗೆ ತುಂಬಿದೆವು. ಸೀಲ್, ವಾಷರ್, ಎಣ್ಣೆ ಸೇರಿ 14,000ದ ಹತ್ತನೆಯ ಒಂದು ಪಾಲೂ ಖರ್ಚಾಗಲಿಲ್ಲ. ಕೂಲಿ ಕೊಡಲು ಹೋದರೆ ಮಿಸ್ತ್ರಿಯವರು ತೆಗೆದುಕೊಳ್ಳಲಿಲ್ಲ, ತಾಯಿಯವರು ಕಟ್ಟಿಕೊಟ್ಟ ಕಡಕ್ ರೊಟ್ಟಿಯ ಗಂಟನ್ನು ಮಾತ್ರ ತೆಗೆದುಕೊಂಡು ಹೋದರು.

ಅಂದಿನಿಂದ ಒಂಬತ್ತು ದಿನಗಳಾದವು. ನಡುವೆ ವಿಜಯಪುರಕ್ಕೂ ಬಾದಾಮಿಗೂ ಹೋಗಿ ಬಂದೆ. ಗೇರ್‌ಬಾಕ್ಸಿನ ಕೆಳಗೆ ಹಾಸಿದ ರಟ್ಟನ್ನು ದಿನಾ ಬೆಳಿಗ್ಗೆ ತೆಗೆದು ನೋಡುತ್ತೇನೆ, ಇವತ್ತಿನವರೆಗೆ ಒಣಗಿಯೇ ಇದೆ. ಮಳೆಗಾಲ ಮುಗಿಯುವವರೆಗೆ ಹಾಸಿಯೇ ಇಡುತ್ತೇನೆ. ಏನಾದರೂ ಕಂಡರೆ ಇಲ್ಲಿಯೇ ಬರೆಯುತ್ತೇನೆ.

ತಿಳಕವಾಡಿ (ಬೆಳಗಾವಿ)

ನಿನ್ನೆ ನನ್ನ ಕಾರಿನ ಬ್ರೀದರನ್ನೂ ಹುಡುಕಿ ಮುಟ್ಟಿ ನೋಡಿದೆ. ಟೊಪ್ಪಿಗೆ ಅಲುಗುತ್ತಿಲ್ಲ. ಚಿಮಣಿ ಎಣ್ಣೆಯ ಚಿಂದಿ ಸುತ್ತಿಟ್ಟಿದ್ದೇನೆ. ಮಟ್ಟದ ಪ್ಲಗ್ ಬಿಚ್ಚುವ ಮೊದಲು ಎಷ್ಟು ಹೊತ್ತು ಆರಲು ಬಿಟ್ಟಿರೆಂದು ನವನಗರದವರು ದಯವಿಟ್ಟು ತಿಳಿಸಬೇಕು.

ನವನಗರ ಝೆನ್ (ಬಾಗಲಕೋಟೆ)

ಹತ್ತಿರ ಹತ್ತಿರ ಅರ್ಧ ತಾಸು ಬಿಟ್ಟಿದ್ದೆ. ಗೇರ್‌ಬಾಕ್ಸಿನ ಮೈಗೆ ಅಂಗೈ ಇಟ್ಟು ಹತ್ತು ಎಣಿಸುವವರೆಗೆ ಹಿಡಿದಿರಲು ಆಗಬೇಕು, ಆಮೇಲೆ ಪಾನಾ ಹಾಕಿರಿ. ಮುಖವನ್ನು ಪ್ಲಗ್ಗಿನ ನೇರಕ್ಕೆ ಇಟ್ಟುಕೊಳ್ಳಬೇಡಿರಿ.